ಲೈಪ್‌ಜಿಗ್ ಮುಟ್ಟದ ಜಾಲಿಮುಳ್ಳು

ವಿಮಾನ ನಿಲ್ದಾಣ

ಜರ್ಮನಿಯ ನೆಲಕ್ಕೆ ಕಾಲಿಟ್ಟು ಅರ್ಧ ತಾಸೂ ಆಗಿರಲಿಲ್ಲ, ನನಗೆ ಸಿಟ್ಟು ಬಂದಿತ್ತು. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಯಾವಗಲ್ ಎಂಬ ಊರಿನ ಶಾಲೆಯಲ್ಲಿ ನನ್ನ ಕೈಕೆಳಗೆ ಕಲಿತವರು ಯಾರಾದರೂ ಹೇಳಿಯಾರು. ಆದರೆ ಈ ಸಲದ್ದು ನ್ಯಾಯವಾದ ಸಿಟ್ಟು. ಆಪಾ, ಅಂದರೆ ನನ್ನ ಅಕ್ಕ ಖಾತೂನಬಿ, ಹೆಗಲಿಗೆ ಹಾಕಿಕೊಂಡಿದ್ದ ಚೀಲವನ್ನು ತಪಾಸಣೆಯವನು ಮೇಜಿನ ಮೇಲೆ ಬಿಚ್ಚಿದ. ಖಡಕ್ ರೊಟ್ಟಿ ನೋಡಿದ, ಬಿಟ್ಟ. ಶೇಂಗಾ ಚಟ್ನಿಯ ಡಬ್ಬಿ ಮೂಸಿ ಸೀನಿದ, ಅದನ್ನೂ ಬಿಟ್ಟ. ಕೊನೆಗೆ ಒಂದು ಹಳೆಯ ಬೆಂಕಿಕಡ್ಡಿಪೆಟ್ಟಿಗೆ ತೆರೆದ. ಒಳಗೆ ಹತ್ತಿಯಲ್ಲಿ ಸುತ್ತಿಟ್ಟ ಜಾಲಿಮುಳ್ಳುಗಳಿದ್ದವು. ಅವನ ಮುಖವೇ ಬದಲಾಯಿತು.

ಗಿಡದ ಯಾವ ಭಾಗವನ್ನೂ ಸರ್ಕಾರಿ ಕಾಗದವಿಲ್ಲದೆ ದೇಶದೊಳಗೆ ತರುವಂತಿಲ್ಲ ಎಂದ. ಹೂವಲ್ಲ, ಹಣ್ಣಲ್ಲ, ಬೀಜವಲ್ಲ, ನೆಟ್ಟರೆ ಚಿಗುರುವುದಿಲ್ಲ, ನಮ್ಮ ಮಾಳಿಗೆಯ ಮೇಲೆ ಒಂದು ವರ್ಷ ಒಣಗಿದ ಮುಳ್ಳು ಎಂದು ನನಗೆ ತಿಳಿದ ಇಂಗ್ಲಿಷಿನಲ್ಲಿ ವಾದಿಸಿದೆ. ಯಾತಕ್ಕೆ ತಂದಿರಿ ಎಂದು ಕೇಳಿದ. ಸಂಗೀತ ಕೇಳುವುದಕ್ಕೆ ಎಂದೆ. ಅವನು ನನ್ನನ್ನೊಮ್ಮೆ, ಮುಳ್ಳನ್ನೊಮ್ಮೆ ನೋಡಿ, ಪೆಟ್ಟಿಗೆಯನ್ನು ಕಸದ ಡಬ್ಬಿಗೆ ಹಾಕಿದ. ಹಾಕಿದ ಮೇಲೆ ಥ್ಯಾಂಕ್ಯೂ ಎಂದದ್ದಂತೂ ಉರಿಯುವ ಗಾಯಕ್ಕೆ ಉಪ್ಪು ಸವರಿದ ಹಾಗಾಯಿತು.

ಮನೆಯೊಳಗೆ ನಾವು ಉರ್ದು, ಕನ್ನಡ ಎರಡನ್ನೂ ಕಲಸಿ ಆಡುವವರು. ಬೇಸರವಾದಾಗ ಮಾತ್ರ ಇಬ್ಬರಿಗೂ ಬರೀ ಕನ್ನಡವೇ ಬರುತ್ತದೆ. ಆಪಾ ಚೀಲದ ಬಾಯಿ ಕಟ್ಟುತ್ತ ಹೇಳಿದಳು: "ಹೋಗ್ಲಿ ಬಿಡ ರಜಿಯಾ, ಪಾಪ ಅವಗೇನ ಗೊತ್ತು. ಆದ್ರ ಆ ಮಂದಿ ಇನ್ನ ಪ್ಲೇಟಿಗೆ ಏನ ಹಚ್ಚತಾರ?"

ರೈಲಿನಲ್ಲಿ

ಲೈಪ್‌ಜಿಗ್‌ವರೆಗೆ ರೈಲು. ಡಬ್ಬಿಯ ತುಂಬ ಜನ, ಮಾತು ಮಾತ್ರ ಇಲ್ಲ. ರೋಣದಿಂದ ಗದಗಿಗೆ ಹೋಗುವ ಬಸ್ಸಿನಲ್ಲಿ ಈ ಹೊತ್ತಿಗೆ ಪಕ್ಕದವರ ಮಗಳಿಗೆ ಎಲ್ಲಿ ಗಂಡು ನೋಡಿದ್ದಾರೆ, ಕಡಲೆ ಹ್ಯಾಗೆ ಬಂದಿದೆ ಎಲ್ಲ ತಿಳಿದಿರುತ್ತಿತ್ತು. ಇಲ್ಲಿ ಎದುರಿಗೆ ಕೂತ ಹೆಂಗಸು ಎರಡು ತಾಸು ನಮ್ಮ ರೊಟ್ಟಿಯ ಸದ್ದು ಕೇಳಿಸಿಕೊಂಡಳೇ ಹೊರತು ಒಂದು ಚೂರು ಬೇಕೇ ಎಂದರೆ ಬೇಡವೆಂದು ತಲೆಯಾಡಿಸಿ ಮತ್ತೆ ಪುಸ್ತಕಕ್ಕೆ ಮುಖ ಹಾಕಿದಳು.

ನಾವಿಬ್ಬರು ಯಾಕೆ ಹೊರಟಿದ್ದೆವು ಎಂಬುದನ್ನು ಹೇಳಬೇಕು. ನಮ್ಮ ಅಬ್ಬಾ ಹುಸೇನಸಾಬ, ಗಜೇಂದ್ರಗಡದಲ್ಲಿ ಗಡಿಯಾರ ಮತ್ತು ಗ್ರಾಮಫೋನ್ ರಿಪೇರಿ ಮಾಡುತ್ತಿದ್ದವರು. ಗದಗಿನ ಕಡೆ ಒಂದು ದವಾಖಾನೆಯಲ್ಲಿದ್ದ ಜರ್ಮನ್ ಡಾಕ್ಟರಮ್ಮ ಊರಿಗೆ ಮರಳುವಾಗ ತನ್ನ ಕೀಲಿ ತಿರುವುವ ಗ್ರಾಮಫೋನನ್ನೂ ಐದು ದೊಡ್ಡ ಪ್ಲೇಟುಗಳನ್ನೂ ಅಬ್ಬಾನಿಗೆ ಕೊಟ್ಟು ಹೋದಳು. ಹಾಡಿನ ತಟ್ಟೆಗೆ ನಮ್ಮಲ್ಲಿ ಪ್ಲೇಟು ಎಂದೇ ಹೆಸರು. ಐದು ಪ್ಲೇಟಿನ ಹತ್ತು ಮಗ್ಗುಲಲ್ಲಿ ಒಂದೇ ಒಂದು ಉದ್ದನೆಯ ರಚನೆ. ಒಂದು ಕಡೆ ಪಿಯಾನೊ, ಇನ್ನೊಂದು ಕಡೆ ಪಿಟೀಲು, ಕಹಳೆ, ನಗಾರಿಗಳ ದೊಡ್ಡ ಮೇಳ. ಹತ್ತೊಂಬತ್ತನೇ ಶತಮಾನದ, ಅಳುವುದಕ್ಕೂ ಅಬ್ಬರಿಸುವುದಕ್ಕೂ ನಾಚದ ಕಾಲದ ಸಂಗೀತ. ಯಾರು ರಚಿಸಿದ್ದು, ಯಾರು ನುಡಿಸಿದ್ದು ಒಂದೂ ನಮಗೆ ಗೊತ್ತಿರಲಿಲ್ಲ, ಯಾಕೆಂದರೆ ಪ್ಲೇಟಿನ ನಡುವಿನ ಕಾಗದವನ್ನು ನಮ್ಮ ಕೈಗೆ ಬರುವ ಮೊದಲೇ ಗೆದ್ದಲು ತಿಂದಿತ್ತು. ನಮ್ಮ ಪಾಲಿಗೆ ಅದು ಡಾಕ್ಟರಬಾಯಿ ಬಾಜಾ. ಪ್ಲೇಟುಗಳು ಚೀಲದಲ್ಲಿದ್ದ ಕ್ರಮ ನೋಡಿ ಅಬ್ಬಾ ತಾವೇ ಒಂದರಿಂದ ಐದರವರೆಗೆ ಕನ್ನಡ ಅಂಕಿ ಬರೆದು ಅಂಟಿಸಿದ್ದರು.

ಪ್ರತಿ ಶುಕ್ರವಾರ ನಮಾಜು ಮುಗಿದು ಊಟವಾದ ಮೇಲೆ ಅದನ್ನು ಹಚ್ಚುವುದು. ಉಕ್ಕಿನ ಸೂಜಿ ಅಬ್ಬಾ ಎಂದೂ ಮುಟ್ಟಲಿಲ್ಲ. ಕಬ್ಬಿಣ ಪ್ಲೇಟನ್ನು ತಿನ್ನುತ್ತದೆ, ಮುಳ್ಳಾದರೆ ತಾನೇ ಸವೆಯುತ್ತದೆ ಎನ್ನುತ್ತಿದ್ದರು. ರೋಣದ ರಸ್ತೆಯ ಜಾಲಿಗಳಿಂದ ಮುಳ್ಳು ಆರಿಸಿ ತಂದು, ಒಣಗಿಸಿ, ಕಡ್ಡಿಪೆಟ್ಟಿಗೆಯ ಮಗ್ಗುಲಿಗೆ ಓರೆಯಾಗಿ ಉಜ್ಜಿ ಮೊನೆ ಮಾಡುವುದು. ಒಂದು ಮಗ್ಗುಲಿಗೆ ಒಂದು ಮುಳ್ಳು, ವಾರಕ್ಕೆ ಹತ್ತು. ಹುಸೇನಸಾಬರು ಮತ್ತೆ ಮುಳ್ಳಿಗೆ ಹೊರಟರು ಎಂದು ಪೇಟೆಯವರು ನಗುತ್ತಿದ್ದರು. ಅಬ್ಬಾ ತೀರಿಕೊಂಡ ಮೇಲೆ ಆ ಕೆಲಸ ಆಪಾನ ಕೈಗೆ ಬಂತು.

ಆಪಾನ ಮಗಳು ಒಂದು ಶುಕ್ರವಾರ ಅದನ್ನು ಫೋನಿನಲ್ಲಿ ಹಿಡಿದು, ಪ್ಲೇಟಿನ ಮೇಲೆ ಸಣ್ಣದಾಗಿ ಕೊರೆದಿದ್ದ ಅಂಕಿಗಳ ಫೋಟೋ ಸಮೇತ ಇಂಟರ್‌ನೆಟ್ಟಿಗೆ ಹಾಕಿದಳು. ಹತ್ತು ದಿನಕ್ಕೆ ಲೈಪ್‌ಜಿಗ್‌ನ ಒಂದು ಧ್ವನಿ ಸಂಗ್ರಹಾಲಯದಿಂದ ಪತ್ರ. ನುಡಿಸಿದವಳು ಅವರ ಊರಿನವಳೇ ಒಬ್ಬಾಕೆ. ಮೂಲಪ್ರತಿಗಳು ಯುದ್ಧದಲ್ಲಿ ಸುಟ್ಟುಹೋಗಿದ್ದವು. ಅವರಿಗೆ ತಿಳಿದ ಮಟ್ಟಿಗೆ ಜಗತ್ತಿನಲ್ಲಿ ಪೂರ್ತಿಯಾಗಿ ಉಳಿದದ್ದು ನಮ್ಮ ಮನೆಯ ಐದು ಪ್ಲೇಟುಗಳು ಮಾತ್ರ. ಐದನೆಯದರ ಅಂಚಿನಲ್ಲಿ ಒಂದು ಕೂದಲೆಳೆಯ ಸೀಳು ಕಂಡಿತ್ತು, ಆಪಾನ ಬೆರಳುಗಳೂ ನಡುಗತೊಡಗಿದ್ದವು. ಕೊಟ್ಟುಬಿಡೋಣ ಎಂದು ಅವಳೇ ಹೇಳಿದಳು. ಅವರ ಮನುಷ್ಯ ಬಂದು ಪ್ಲೇಟುಗಳನ್ನು ಮೊದಲೇ ಒಯ್ದಿದ್ದ. ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿ, ಪ್ಲೇಟುಗಳನ್ನಿಟ್ಟ ಕೋಣೆಯನ್ನು ನೋಡಿ ಬರಲು ನಮಗೆ ಟಿಕೀಟು ಕಳಿಸಿದ್ದರು. ನನಗಿದ್ದ ಆಸೆ ಒಂದೇ: ಆ ಗಾಜಿನ ಪೆಟ್ಟಿಗೆಯ ಪಕ್ಕದಲ್ಲಿ ಅಬ್ಬಾನ ಹೆಸರನ್ನು ಕಣ್ಣಾರೆ ಕಾಣುವುದು.

ಮೊದಲ ದಿನ, ಗಾಜಿನ ಪೆಟ್ಟಿಗೆ

ಉಲ್ರಿಕೆ ಎಂಬಾಕೆ ಆ ಸಂಗ್ರಹಾಲಯದ ಹಳೆಯ ಪ್ಲೇಟುಗಳ ಉಸ್ತುವಾರಿ. ನನ್ನ ವಯಸ್ಸಿನವಳೇ, ಬೂದುಗೂದಲು, ಬಿಳಿ ಕೈಗವಸು ತೊಟ್ಟ ಕೈ. ಆಪಾನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಒಳ್ಳೆಯವಳೇ ಎನ್ನಿಸಿತು. ಕೋಣೆಯೂ ಚೆಂದ, ತಣ್ಣಗೆ, ಮಂದ ಬೆಳಕು. ನಮ್ಮ ಐದು ಪ್ಲೇಟುಗಳು ಕರೀ ನೀರಿನ ಹಾಗೆ ಹೊಳೆಯುತ್ತಿದ್ದವು. ಅಬ್ಬಾ ಅಂಟಿಸಿದ್ದ ಅಂಕಿಗಳು ಇರಲಿಲ್ಲ, ತೊಳೆದು ತೆಗೆದಿದ್ದರು. ಅದನ್ನು ನುಂಗಿಕೊಂಡು ಪಕ್ಕದ ಕಾರ್ಡಿನ ಇಂಗ್ಲಿಷ್ ಓದಿದೆ.

ಭಾರತದ ಒಂದು ಹಳ್ಳಿಯಲ್ಲಿ ದೊರೆತದ್ದು. ಬಳಕೆಯಾಗದೆ ಬಿದ್ದಿದ್ದ ಕಾರಣ ಅದೃಷ್ಟವಶಾತ್ ಉಳಿದಿದೆ. ಇಷ್ಟೇ ಬರೆದಿತ್ತು.

ನಾನು ಎರಡು ಸಲ ಓದಿದೆ. ಮೊದಲನೆಯದಾಗಿ ಗಜೇಂದ್ರಗಡ ಹಳ್ಳಿಯಲ್ಲ. ಎರಡನೆಯದಾಗಿ, ದೊರೆಯುವುದು ಎಂದರೇನು? ಹೊಲದಲ್ಲಿ ನೇಗಿಲಿಗೆ ಹಳೆಯ ನಾಣ್ಯ ದೊರೆಯುತ್ತದೆ. ಒಬ್ಬ ಮನುಷ್ಯ ಪ್ರತಿ ವಾರ ಮೆತ್ತನೆಯ ಬಟ್ಟೆಯಿಂದ ಒರೆಸಿ, ಮಳೆಗಾಲದಲ್ಲಿ ಬೇವಿನ ಎಲೆ ಹಾಕಿ, ಬೇಸಿಗೆಯಲ್ಲಿ ನೀರಿನ ಕೊಡಗಳ ಮಗ್ಗುಲಿಗೆ ಸರಿಸಿ, ಮಕ್ಕಳನ್ನು ಹೆದರಿಸಿ ಕಾಪಾಡಿದ್ದು ದೊರೆಯುತ್ತದೆಯೇ? ಬಳಕೆಯಾಗದೆ ಬಿದ್ದಿತ್ತಂತೆ. ಆಪಾನಿಗೆ ಕನ್ನಡದಲ್ಲಿ ಹೇಳಿದೆ. ಅವಳು ಗಾಜಿನ ಮೇಲೆ ಇಟ್ಟಿದ್ದ ಬೆರಳನ್ನು ಹಿಂದಕ್ಕೆ ತೆಗೆದಳು.

ಉಲ್ರಿಕೆಗೆ ಹೇಳಿದೆ, ನಲವತ್ತು ವರ್ಷಕ್ಕೂ ಮೇಲೆ ಪ್ರತಿ ಶುಕ್ರವಾರ ಹಚ್ಚಿದ್ದೇವೆ ಎಂದು. ಆಕೆ ನಕ್ಕಳು. ಶಾಲಾ ತಪಾಸಣೆಗೆ ಬಂದ ಸಾಹೇಬರು ಮಕ್ಕಳ ಹಾಜರಿ ನೋಡಿ ನಗುತ್ತಾರಲ್ಲ, ಆ ನಗೆ. ಅಷ್ಟು ಸಲ ಹಚ್ಚಿದ್ದರೆ ಗೆರೆಗಳು ಸವೆದು ಬೂದಿ ಬಣ್ಣಕ್ಕೆ ತಿರುಗಿರುತ್ತಿದ್ದವು, ತಾನು ಸೂಕ್ಷ್ಮದರ್ಶಕದಲ್ಲಿ ನೋಡಿದ್ದೇನೆ, ಇವು ಹೊಸದರ ಹಾಗಿವೆ, ಹೆಚ್ಚೆಂದರೆ ನಾಲ್ಕು ಸಲ ಹಚ್ಚಿರಬಹುದು ಎಂದಳು. ಮುಳ್ಳಿನ ಕಥೆ ಹೇಳಿದೆ. ಮುಳ್ಳಿನ ಸೂಜಿಯ ಬಗ್ಗೆ ಓದಿದ್ದೇನೆ, ಆದರೆ ಮನೆಯಲ್ಲಿ ಮಾಡಿದ ಮುಳ್ಳಿನಿಂದ ಇಷ್ಟು ವರ್ಷ ಎಂದರೆ ನಂಬುವುದು ಕಷ್ಟ ಎಂದು ಬಹಳ ಮರ್ಯಾದೆಯಿಂದ ಹೇಳಿದಳು. ತೋರಿಸೋಣವೆಂದರೆ ಮುಳ್ಳು ವಿಮಾನ ನಿಲ್ದಾಣದ ಕಸದಲ್ಲಿ ಬಿದ್ದಿದೆ.

ಆ ಕಾರ್ಡು ಬದಲಾಗುವವರೆಗೆ ಸಹಿ ಇಲ್ಲ ಎಂದು ಹೇಳಿ ಹೊರಬಂದೆ.

ಅದೇ ಸಂಜೆ, ಸಂಗೀತ ಸಭಾಂಗಣ

ಆ ವಾರ ಊರಿನ ವಾದ್ಯಮೇಳ ಅದೇ ರಚನೆಯನ್ನು ನುಡಿಸುವುದಿತ್ತು. ಉಲ್ರಿಕೆ ನಮಗೆ ಮೊದಲೇ ಎರಡು ಕುರ್ಚಿ ಹಿಡಿದಿದ್ದಳು. ಸಿಟ್ಟಿದ್ದರೂ ಹೋದೆವು. ಡಾಕ್ಟರಬಾಯಿ ಬಾಜಾವನ್ನು ಮನುಷ್ಯರು ಎದುರಿಗೆ ಕೂತು ಬಾರಿಸುವುದನ್ನು ನಾವು ಜನ್ಮದಲ್ಲಿ ಕಂಡಿರಲಿಲ್ಲ.

ಶುರುವಾದಾಗ ಆಪಾ ನನ್ನ ಮೊಣಕೈ ಹಿಡಿದಳು. ಅದೇ ಗುಡುಗು, ಆಮೇಲೆ ಪಿಯಾನೊ ಒಬ್ಬಂಟಿಯಾಗಿ ಏನೋ ಕೇಳಿದ ಹಾಗೆ ಅದೇ ನಾಲ್ಕು ಸ್ವರ. ಪ್ಲೇಟಿನಲ್ಲಿ ತೆರೆಯ ಹಿಂದಿದ್ದ ಹಾಗಿದ್ದದ್ದು ಇಲ್ಲಿ ಮೈಮೇಲೆ ಬಂತು. ನನ್ನ ಕಣ್ಣು ತುಂಬಿತು. ಮೊದಲ ಮಗ್ಗುಲು ಮುಗಿಯುವ ಜಾಗ ಬಂತು. ಈಗ ನಗಾರಿಯ ಅಬ್ಬರದ ಓಟ ಬರಬೇಕು. ಬರಲಿಲ್ಲ. ಅವರು ಬೇರೆ ಯಾವುದಕ್ಕೋ ಹೋದರು. ಆಪಾ ನನ್ನ ಕಡೆ ಬಾಗಿ, "ಎರಡನೇದು ಬಿಟ್ರು," ಎಂದಳು. ಹಿಂದಿನವರು ಶ್ ಎಂದರು.

ಆಮೇಲೂ ಹಾಗೆಯೇ. ನಮ್ಮ ಬಾಜಾದ ಒಂದೊಂದು ತುಂಡೂ ಬಂತು, ಆದರೆ ಮನೆಯ ಪಾತ್ರೆಗಳನ್ನು ಯಾರೋ ಬೇರೆ ಬೇರೆ ಗೂಡಿನಲ್ಲಿಟ್ಟ ಹಾಗೆ. ಇಷ್ಟು ದೊಡ್ಡ ಊರು, ಕೋಟು ತೊಟ್ಟ ಇಷ್ಟು ಜನ, ಒಬ್ಬನಿಗೂ ಗೊತ್ತಾಗುತ್ತಿಲ್ಲವಲ್ಲ ಎಂದು ನನಗೆ ಕುದಿಯತೊಡಗಿತು. ಒಂದು ಭಾಗ ಮುಗಿದರೆ ಚಪ್ಪಾಳೆ ಇಲ್ಲ, ಎಲ್ಲರೂ ಸೇರಿ ಕೆಮ್ಮುತ್ತಾರೆ. ನಮ್ಮ ಕಡೆ ಬಯಲಾಟದಲ್ಲಿ ಒಳ್ಳೆಯ ಪದ ಬಂದರೆ ಅಲ್ಲೇ ಭಲೇ ಎನ್ನದೆ ಹೋದರೆ ನಟನಿಗೆ ಅವಮಾನ. ಇಲ್ಲಿ ಮೆಚ್ಚುಗೆಯನ್ನೂ ಕೆಮ್ಮನ್ನೂ ಕಟ್ಟಿಟ್ಟುಕೊಂಡು ಕೂತಿರಬೇಕು. ನಿಧಾನದ ಭಾಗದಲ್ಲಿ ಪಿಯಾನೊ ಮೆಲ್ಲಗೆ ಇಳಿದಾಗ ಆಪಾ ತಡೆಯಲಾರದೆ ವಾಹ್ ಎಂದುಬಿಟ್ಟಳು. ಎರಡು ಸಾಲು ತಿರುಗಿ ನೋಡಿತು.

ಆ ನಿಧಾನದ ಭಾಗ ನಮ್ಮ ಮನೆಯಲ್ಲಿ ಐದನೇ ಪ್ಲೇಟು. ಅದು ಮುಗಿದರೆ ಬಾಜಾ ಮುಗಿಯಿತು, ಅಬ್ಬಾ ಮುಚ್ಚಳ ಹಾಕಿ ಚಹಾ ಕೇಳುತ್ತಿದ್ದರು. ಅದೇ ರೂಢಿಯಿಂದ ಕೊನೆಯ ಸ್ವರ ಅಡಗುತ್ತಿದ್ದಂತೆ ಆಪಾ ಎದ್ದು, ಸೆರಗು ಸರಿಮಾಡಿಕೊಂಡು, ಚೀಲ ಹೆಗಲಿಗೆ ಹಾಕಿದಳು. ನಾನೂ ಎದ್ದೆ. ಅಷ್ಟರಲ್ಲಿ ಇಡೀ ಮೇಳ ನಗಾರಿಯೊಂದಿಗೆ ಸಿಡಿಯಿತು. ನಮ್ಮ ಬಾಜಾದಲ್ಲಿ ಇದಕ್ಕೆ ಮುಂಚೆಯೇ ಬಂದುಹೋಗುವ ಅಬ್ಬರ. ಸಾವಿರ ಜನರ ನಡುವೆ ನಾವಿಬ್ಬರೇ ನಿಂತಿದ್ದೆವು. ಕಾವಲಿನ ಹುಡುಗಿ ಬಾಗಿಲಿನಿಂದಲೇ ಕೂತುಕೊಳ್ಳಿ ಎಂದು ಕೈ ಮಾಡಿದಳು.

ಎರಡನೇ ದಿನ, ಹಿತ್ತಲಿನ ಬೇಲಿ

ಬೆಳಿಗ್ಗೆ ಉಲ್ರಿಕೆಯ ಮೇಜಿನ ಮುಂದೆ ಕೂತು, ನಿಮ್ಮ ಮೇಳದವರು ಎಲ್ಲವನ್ನೂ ತಲೆಕೆಳಗು ಬಾರಿಸಿದರು ಎಂದು ದೂರು ಹೇಳಿದೆ. ಆಕೆಗೆ ಮೊದಲು ಅರ್ಥವಾಗಲಿಲ್ಲ. ನಾವು ಯಾವ ಕ್ರಮದಲ್ಲಿ ಹಚ್ಚುತ್ತಿದ್ದೆವು ಎಂದು ಕೇಳಿದಳು. ಒಂದನೇ ಪ್ಲೇಟಿನ ಮೇಲಿನ ಮಗ್ಗುಲು, ಆಮೇಲೆ ಅದರದೇ ಹಿಂದಿನ ಮಗ್ಗುಲು, ಆಮೇಲೆ ಎರಡನೇ ಪ್ಲೇಟು ಎಂದೆ. ಇನ್ನು ಹ್ಯಾಗೆ ಹಚ್ಚುತ್ತಾರೆ?

ಆಕೆ ಒಂದು ಕಾಗದ ತೆಗೆದು ಚಿತ್ರ ಬರೆದಳು. ಆ ಕಾಲದಲ್ಲಿ ಉಳ್ಳವರ ಮನೆಯಲ್ಲಿ ತಾನಾಗಿಯೇ ಪ್ಲೇಟು ಬದಲಿಸುವ ಯಂತ್ರವಿತ್ತಂತೆ. ಐದೂ ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸಿಟ್ಟರೆ ಒಂದೊಂದಾಗಿ ಬೀಳುತ್ತಿದ್ದವು. ಮೊದಲು ಐದೂ ಪ್ಲೇಟುಗಳ ಮೇಲಿನ ಮಗ್ಗುಲುಗಳು, ಆಮೇಲೆ ಇಡೀ ಗಂಟನ್ನು ತಿರುವಿ ಹಾಕಿದರೆ ಉಳಿದ ಐದು. ಹಾಗಾಗಿ ಒಂದನೇ ಪ್ಲೇಟಿನ ಬೆನ್ನಿಗೆ ಇರುವುದು ಎರಡನೇ ಭಾಗವಲ್ಲ, ಹತ್ತನೆಯದು. ನಮ್ಮ ಪ್ಲೇಟುಗಳು ಆ ಯಂತ್ರಕ್ಕೆ ಮಾಡಿದವು. ಅಂದರೆ ನಾವು ನಲವತ್ತು ವರ್ಷ ಶುರುವಾದ ಮೇಲೆ ಅಂತ್ಯವನ್ನೂ, ಎಲ್ಲ ಮುಗಿದ ಮೇಲೆ ನಡುವಿನದನ್ನೂ ಕೇಳಿದ್ದೆವು.

ನನ್ನ ಮುಖ ಬಿಸಿಯಾಯಿತು. ಅಬ್ಬಾನ ಮೇಲೂ ಸಿಟ್ಟು ಬಂತು, ಅದನ್ನು ಮುಚ್ಚಿಡುವುದಿಲ್ಲ. ಎಲ್ಲರ ಗಡಿಯಾರ ಸರಿ ಮಾಡುವವರು ಇದೊಂದನ್ನು ನೋಡಬಾರದಿತ್ತೇ? ಆದರೆ ಉಲ್ರಿಕೆಯ ಮುಂದಿನ ಮಾತು ನನ್ನ ಸಿಟ್ಟನ್ನು ಮತ್ತೆ ಆಕೆಯ ಕಡೆಗೇ ತಿರುಗಿಸಿತು. ನೋಡಿ, ನಿಜವಾಗಿ ಅಷ್ಟು ಸಲ ಕೇಳಿದ್ದರೆ ಈ ತಪ್ಪು ನಿಮಗೇ ಗೊತ್ತಾಗುತ್ತಿತ್ತಲ್ಲವೇ ಎಂದಳು.

ನಾನದನ್ನು ಆಪಾನಿಗೆ ಹೇಳಿದೆ. ಆಪಾ ಎದ್ದಳು. ಯಾರನ್ನೂ ಕೇಳದೆ ಮೆಟ್ಟಿಲಿಳಿದು ಸಂಗ್ರಹಾಲಯದ ಹಿತ್ತಲಿಗೆ ಹೋದಳು. ಚಳಿಗಾಲ ಇನ್ನೂ ಪೂರ್ತಿ ಹೋಗಿರಲಿಲ್ಲ, ಅಲ್ಲಿಯ ಬೇಲಿಗಿಡಗಳಲ್ಲಿ ಎಲೆ ಇರಲಿಲ್ಲ, ಉದ್ದುದ್ದ ಮುಳ್ಳು ಎದ್ದು ಕಾಣುತ್ತಿದ್ದವು. ಅವಳು ಬಗ್ಗಿ ಒಂದೊಂದನ್ನೇ ಮುರಿದು ಹಲ್ಲಿನಿಂದ ಕಚ್ಚಿ ನೋಡತೊಡಗಿದಳು. ನಾಯಿ ಹಿಡಿದು ಹೊರಟ ಮುದುಕನೊಬ್ಬ ನಿಂತು ಗದರಿದ. ಬೇಲಿ ಮುಟ್ಟಬಾರದಂತೆ. ಆಪಾ ತಲೆಯೆತ್ತದೆ ಉತ್ತರ ಕೊಟ್ಟಳು: "ಹಸೀದು ಬಾಗ್ತೈತ್ರಿ, ಒಣಗಿದ್ದ ಬೇಕು. ಸ್ವಲ್ಪ ತಡೀರಿ." ಆತನಿಗೆ ಏನು ತಿಳಿಯಿತೋ, ತಡೆದ. ನಾಯಿಯೂ ಕೂತಿತು.

ಒಣಗಿ ಸತ್ತ ರೆಂಬೆಯೊಂದರಿಂದ ಹನ್ನೆರಡು ಮುಳ್ಳು ಸಿಕ್ಕವು. ಉಲ್ರಿಕೆಯ ಉಗುರು ಉಜ್ಜುವ ಪಟ್ಟಿ ತೆಗೆದುಕೊಂಡು ಆಪಾ ಕನ್ನಡಕವನ್ನು ಹಣೆಗೇರಿಸಿ ಮೊನೆ ಮಾಡಲು ಕೂತಳು. ನಡುಗುವ ಬೆರಳು ಮುಳ್ಳು ಹಿಡಿದ ಕೂಡಲೇ ನಿಂತದ್ದನ್ನು ನಾನೂ ನೋಡಿದೆ, ಉಲ್ರಿಕೆಯೂ ನೋಡಿದಳು. ನಮ್ಮ ಪ್ಲೇಟಿಗೆ ಹಚ್ಚಲು ಆಕೆ ಸುತರಾಂ ಒಪ್ಪಲಿಲ್ಲ. ಯಾರಿಗೂ ಬೇಡವಾದ ಒಂದು ಕುಣಿತದ ಪ್ಲೇಟು ತಂದು ಹಳೆಯ ಯಂತ್ರದ ಮೇಲಿಟ್ಟಳು. ಅದೇ ಮಗ್ಗುಲನ್ನು ಸಲಕ್ಕೊಂದು ಮುಳ್ಳಿನಂತೆ ಹತ್ತು ಸಲ ಹಚ್ಚಿದೆವು. ಆಮೇಲೆ ಉಲ್ರಿಕೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಮುಳ್ಳುಗಳ ಮೊನೆ ಮೊಂಡಾಗಿತ್ತು. ಪ್ಲೇಟಿನ ಗೆರೆಗೆ ಏನೂ ಆಗಿರಲಿಲ್ಲ, ತಳದಲ್ಲಿ ಮಾತ್ರ ಕಂದು ಬಣ್ಣದ ನಯವಾದ ಪುಡಿ ಕೂತಿತ್ತು.

ಆ ಪುಡಿಯನ್ನು ನೋಡಿದ ಮೇಲೆ ಆಕೆ ಎದ್ದು ಹೋಗಿ ಕಪಾಟಿನಿಂದ ಒಂದು ಸಣ್ಣ ಗಾಜಿನ ಕುಪ್ಪಿ ತಂದಳು. ನಮ್ಮ ಪ್ಲೇಟುಗಳನ್ನು ತೊಳೆದಾಗ ಬಂದ ಕೊಳೆಯನ್ನು ಅದರಲ್ಲಿ ಎತ್ತಿಟ್ಟು, ಹುಲ್ಲಿನಲ್ಲಿ ಸುತ್ತಿದ್ದರಿಂದ ಬಂದದ್ದು ಎಂದು ಬರೆದಿದ್ದಳು. ಹುಲ್ಲಿನಲ್ಲಿ ಸುತ್ತಿದವರು ಯಾರು! ಅದರಿಂದ ಚಿಟಿಕೆ ತೆಗೆದು ಇದರ ಮಗ್ಗುಲಿಗಿಟ್ಟು ನೋಡಿದಳು. ನನಗೂ ತೋರಿಸಿದಳು. ಬಣ್ಣ ಸ್ವಲ್ಪ ಬೇರೆ, ಎಳೆ ಒಂದೇ ತರಹ. ಕುಪ್ಪಿಯಲ್ಲಿದ್ದದ್ದು ಮಾತ್ರ ಬೆರಳು ದಪ್ಪ. ಅದು ರೋಣದ ರಸ್ತೆಯ ಜಾಲಿ, ನಮ್ಮ ಅಷ್ಟೂ ಶುಕ್ರವಾರಗಳ ಪುಡಿ.

ಉಲ್ರಿಕೆ ಕ್ಷಮೆ ಕೇಳಿದಳು. ಗಾಜಿನ ಪೆಟ್ಟಿಗೆಯಿಂದ ಕಾರ್ಡು ತೆಗೆದಳು. ಹೊಸದು ಅಚ್ಚಾಗಲು ಹದಿನೈದು ದಿನ ಬೇಕು, ನಾವು ಅಷ್ಟರಲ್ಲಿ ಊರಿನಲ್ಲಿರುತ್ತೇವೆ. ಕಾರ್ಡು ಕಣ್ಣಿಗೆ ಬೀಳುವವರೆಗೆ ಸಹಿ ಬೇಡ ಎಂದು ನಾನು ಹಟ ಹಿಡಿದೆ. ಆಪಾ ಪೆನ್ನು ಕೇಳಿದಳು. "ಆಕಿ ಕಣ್ಣೀಲೆ ನೋಡ್ಯಾಳ ರಜಿಯಾ. ನೋಡಿದಾಕಿ ಸುಳ್ಳ ಬರ್ಯಂಗಿಲ್ಲ," ಎಂದು ಕನ್ನಡದಲ್ಲಿ ತನ್ನ ಹೆಸರು ಬರೆದಳು. ಉಳಿದಿದ್ದ ಎರಡು ಮುಳ್ಳನ್ನು ಉಲ್ರಿಕೆಯ ಮೇಜಿನ ಮೇಲಿಟ್ಟು ಬಂದಳು. ನನಗೆ ವಾಪಸಿನ ವಿಮಾನದಲ್ಲೂ ಸಮಾಧಾನವಿರಲಿಲ್ಲ.

ಗಜೇಂದ್ರಗಡ, ಶುಕ್ರವಾರ

ಉಲ್ರಿಕೆ ಹೇಳಿದ ಹಾಗೆ ಹದಿನೈದನೇ ದಿನಕ್ಕೆ ಫೋನಿಗೆ ಎರಡು ಬಂದವು. ಒಂದು, ನಮ್ಮ ಪ್ಲೇಟುಗಳ ಧ್ವನಿ, ಸರಿಯಾದ ಕ್ರಮದಲ್ಲಿ ಜೋಡಿಸಿದ್ದು. ಇನ್ನೊಂದು, ಕಾರ್ಡಿನ ಫೋಟೋ. ಊಟ ಮಾಡಿ ಆಪಾನ ಮನೆಯಲ್ಲಿ ಕೂತಿದ್ದೆವು, ಖಾಲಿ ಗ್ರಾಮಫೋನಿನ ಮೇಲೆ ಫೋನನ್ನಿಟ್ಟು ಬಾಜಾ ಹಚ್ಚಿದೆ. ಅದು ನಡೆಯುತ್ತಿರುವಾಗ ಕಾರ್ಡನ್ನು ದೊಡ್ಡದು ಮಾಡಿ ಓದಿ ಹೇಳಿದೆ. ಗಜೇಂದ್ರಗಡ ಪಟ್ಟಣದ ಗಡಿಯಾರ ರಿಪೇರಿಯ ಹುಸೇನಸಾಬರು ಮತ್ತು ಅವರ ಮಗಳು ಖಾತೂನಬಿ ಇವುಗಳನ್ನು ಕಾಪಾಡಿದರು. ನಲವತ್ತು ವರ್ಷಗಳಿಗೂ ಹೆಚ್ಚು ಕಾಲ, ಪ್ರತಿ ಶುಕ್ರವಾರ, ತಾವೇ ಮಾಡಿದ ಜಾಲಿಮುಳ್ಳಿನ ಸೂಜಿಯಿಂದ, ತಪ್ಪು ಕ್ರಮದಲ್ಲಿ ನುಡಿಸಿದರು.

ಅಬ್ಬಾನ ಹೆಸರಿದ್ದ ಸಾಲನ್ನು ಮತ್ತೊಮ್ಮೆ ಓದಿದೆ. ಆದರೆ ಕೊನೆಯ ಆ ಮಾತು! ಬರೆಯಲೇಬೇಕಿತ್ತೇ? ಜಗತ್ತಿನ ಮಂದಿಯೆಲ್ಲ ಬಂದು ಓದುವ ಜಾಗದಲ್ಲಿ ಸತ್ತ ಮನುಷ್ಯನ ತಪ್ಪನ್ನು ಅಚ್ಚು ಹಾಕಿಸಬೇಕಿತ್ತೇ? ಆ ಒಂದು ಪದ ತೆಗೆಯಿರಿ, ಇಲ್ಲವಾದರೆ ಪ್ಲೇಟು ವಾಪಸು ಕಳಿಸಿರಿ ಎಂದು ಪತ್ರ ಬರೆಯಲು ಕೂತೆ. ಇಂಗ್ಲಿಷಿನಲ್ಲಿ ನನಗೆ ಗೊತ್ತಿರುವ ಖಾರದ ಮಾತೆಲ್ಲ ಅದರಲ್ಲಿ ಹಾಕಿದೆ.

ಅಷ್ಟರಲ್ಲಿ ಫೋನಿನೊಳಗೆ ನಿಧಾನದ ಭಾಗ ಮುಗಿಯುತ್ತ ಬಂದಿತ್ತು. ಕೊನೆಯ ಸ್ವರ ಅಡಗಿತು. ಮುಂದಿನ ಅಬ್ಬರ ಏಳುವ ಮೊದಲೇ ಆಪಾ ಕೈ ಚಾಚಿ ಫೋನು ಬಂದ್ ಮಾಡಿದಳು. ಆಮೇಲೆ ನನ್ನ ಪತ್ರ ಏನೆಂದು ಕೇಳಿದಳು. ಓದಿ ಹೇಳಿದೆ.

"ಕಳಸಬ್ಯಾಡ," ಎಂದಳು. "ಹಚ್ಚೇ ಇಲ್ಲ ಅಂದಿದ್ಲಲ್ಲ ಆಕಿ? ಈಗ ತಪ್ಪ ಹಚ್ಚಿದ್ರು ಅಂತ ಬರದಾಳ. ಅಂದ್ರ ಹಚ್ಚಿದ್ವಿ ಅಂತ ಆತಲ್ಲ."

ಗ್ರಾಮಫೋನಿನ ಮುಚ್ಚಳ ಹಾಕಿ, ಚಹಾಕ್ಕೆ ಇಡಲು ಒಳಗೆ ಹೋದಳು.